ಮೇಲಿನ ವೃತ್ತ

ಪರದೆಯ ಮೇಲೆ ಎರಡು ಪುಟ್ಟ ವೃತ್ತಗಳಿದ್ದವು, ಒಂದರ ಕೆಳಗೆ ಒಂದು. ಮೇಲಿನದರ ಎದುರಿಗೆ ಅಕಾಡೆಮಿಕ್ ಎಂದಿತ್ತು, ಕೆಳಗಿನದರ ಎದುರಿಗೆ ಜನರಲ್ ಎಂದಿತ್ತು, ಕೆಳಗಿನದರೊಳಗೆ ಆಗಲೇ ಒಂದು ನೀಲಿ ಚುಕ್ಕೆ ಬಂದು ಕೂತಿತ್ತು. ಅದನ್ನು ಕೂರಿಸಿದವಳು ತಾನಲ್ಲ ಎಂದು ಮೆಹನಾಜಳಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು. ಅಫಜಲಪುರದ ಬಸ್‌ಸ್ಟ್ಯಾಂಡಿನೆದುರು ದೌಲತರಾಯನ ಆನ್‌ಲೈನ್ ಸೆಂಟರಿನಲ್ಲಿ ಅವಳು ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತಿದ್ದಳು. ಮಧ್ಯಾಹ್ನ ತಾಲೂಕು ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದುದರಿಂದ ಬುರ್ಖಾದ ಕೆಳಗೆ ನರ್ಸಿನ ಸಮವಸ್ತ್ರ ತೊಟ್ಟೇ ಬಂದಿದ್ದಳು. ಫ್ಯಾನು ತಿರುಗಿದರೂ ಬೆನ್ನಿಗೆ ಬಟ್ಟೆ ಅಂಟಿತ್ತು. ದೌಲತರಾಯ ಪರದೆಯನ್ನು ಅರ್ಧ ಅವಳ ಕಡೆ ತಿರುಗಿಸಿ, ಅವಳ ಗಂಡ ಮಸೂದ ಸಾಹೇಬರು ಮುಂಜಾನೆಯೇ ಕರಜಗಿಗೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಎಲ್ಲಾ ಹೇಳಿ ಹೋಗಿದ್ದಾರೆಂದೂ, ಬಾಯಿಯವರು ಬರೇ ಹೆಸರು ಜನ್ಮತಾರೀಖು ಸರಿ ಇದೆಯೋ ನೋಡಿದರೆ ಸಾಕೆಂದೂ ವಿವರಿಸಿದ. ಅವಳು ಹೆಸರು ನೋಡಿದಳು. ಸರಿ ಇತ್ತು. ಜನ್ಮತಾರೀಖು ಸರಿ ಇತ್ತು. ಮತ್ತೆ ಕಣ್ಣು ನೀಲಿ ಚುಕ್ಕೆಗೇ ಹೋಯಿತು. ತನ್ನ ಊಟದ ತಟ್ಟೆಯಲ್ಲಿ ಬೇರೆ ಯಾರೋ ಕೈಯಿಟ್ಟು ಕಲಸಿಟ್ಟ ಅನ್ನವನ್ನು ನೋಡಿದಂತಾಯಿತು. ಪ್ರೀತಿಯಿಂದಲೇ ಕಲಸಿದ್ದು, ಆದರೂ.

ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಅದು. ಆ ದೇಶದ ನರ್ಸುಗಳ ಸಾಲಿಗೆ ಹೆಸರು ಸೇರಬೇಕೆಂದರೆ ಅಕಾಡೆಮಿಕ್ಕೇ ಬರೆಯಬೇಕು, ಅಂಕವೂ ಎತ್ತರದ್ದು ಬೇಕು. ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸಕ್ಕಾದರೆ ಜನರಲ್ ನಡೆಯುತ್ತದೆ, ಕಡಿಮೆ ಬಂದರೂ ಕರೆಸಿಕೊಳ್ಳುವವರಿದ್ದಾರೆ ಎಂದು ಕಲಬುರಗಿಯ ಕೋಚಿಂಗಿನ ಸರ್ ಹೇಳಿದ್ದರು. ಕಳೆದ ವರ್ಷ ಅವಳು ಮೇಲಿನ ವೃತ್ತವನ್ನು ಒತ್ತಿ ಹೈದರಾಬಾದಿಗೆ ಹೋಗಿ ಪರೀಕ್ಷೆ ಬರೆದು ಬಂದಿದ್ದಳು. ಓದಿನಲ್ಲಿ ಅಂಕ ಬಂತು, ಬರಹದಲ್ಲಿ ಬಂತು, ಕೇಳುವುದರಲ್ಲಂತೂ ಕ್ಲಾಸಿನಲ್ಲಿ ಯಾರಿಗೂ ಬರದಷ್ಟು ಬಂತು. ಮಾತಿನಲ್ಲಿ ಬರಲಿಲ್ಲ. ತಣ್ಣಗಿನ ಕೋಣೆಯಲ್ಲಿ ಎದುರು ಕೂತಿದ್ದ ಹೆಂಗಸು ಕೆಟ್ಟವಳಾಗಿರಲಿಲ್ಲ, ಕಣ್ಣಲ್ಲಿ ನಗುವಿತ್ತು. ನಿಮಗೆ ಏನನ್ನಾದರೂ ಕಲಿಸಿದ ಒಬ್ಬ ವ್ಯಕ್ತಿಯ ಬಗ್ಗೆ ಹೇಳಿ ಎಂದು ಚೀಟಿ ಕೊಟ್ಟಳು. ಅದು ಮೆಹನಾಜ ಬಾಯಿಪಾಠ ಮಾಡಿಟ್ಟುಕೊಂಡಿದ್ದ ವಿಷಯವೇ. ಅವಳು ಶುರು ಮಾಡಿದಳು, ನಾಲ್ಕನೆಯ ವಾಕ್ಯದಲ್ಲಿ ಒಂದು ಪದ ಜಾರಿತು, ನಾಲಿಗೆ ತಾನಾಗಿ ಮೊದಲನೆಯ ವಾಕ್ಯಕ್ಕೆ ಹೋಗಿ ನಿಂತಿತು. ಮತ್ತೆ ಹೇಳಿದಳು, ಮತ್ತೆ ಅದೇ ಪದ ಬಂತು, ಅದರ ಭಯವೂ ಬಂತು, ಮತ್ತೆ ಮೊದಲಿಗೆ. ಹೆಂಗಸಿನ ಕಣ್ಣಿನ ನಗು ಮೆಲ್ಲಗೆ ಆಶ್ಚರ್ಯವಾಗುತ್ತ ಹೋದುದನ್ನು ಅವಳು ಕಂಡಳು. ಹೊತ್ತು ಮುಗಿದಾಗ ಮೆಹನಾಜ ಯಾರ ಬಗ್ಗೆ ಮಾತಾಡಲು ಹೊರಟಿದ್ದಾಳೆ ಎಂಬುದಷ್ಟೇ ಆ ಹೆಂಗಸಿಗೆ ಗೊತ್ತಾಗಿತ್ತು, ಮೂರು ಸಲ.

ತವರೂರು ಯಡ್ರಾಮಿಯಲ್ಲಿ ಅಬ್ಬಾನ ಹೊಲಿಗೆಯಂತ್ರದ ಪಕ್ಕ ಚಾಪೆ ಹಾಸಿರುತ್ತಿತ್ತು. ಅಬ್ಬಾ ಚಾಂದಪಾಶಾ ಕುರಾನನ್ನು ಪೂರ್ತಿ ಕಂಠಪಾಠ ಮಾಡಿದ ಹಾಫಿಜ್, ಊರಿನ ಬಟ್ಟೆ ಹೊಲಿಯುವವರು. ರಂಜಾನಿನಲ್ಲಿ ಮಸೀದಿಯಲ್ಲಿ ಸಾಲುಗಟ್ಟಿ ನಿಂತ ಜನರೆದುರು ಓದಬೇಕಾದ್ದರಿಂದ ಅದಕ್ಕೂ ಕೆಲವು ತಿಂಗಳ ಮೊದಲೇ ಬೆಳಗಿನ ನಮಾಜು ಮುಗಿಸಿ ಬಂದು ಒಂದೊಂದೇ ಭಾಗ ನೆನಪು ಮಾಡಿಕೊಳ್ಳುವರು. ನೆನಪು ಮಾಡಿಕೊಳ್ಳುವವನ ಎದುರು ಗ್ರಂಥ ತೆರೆದು ಕೇಳುವವರೊಬ್ಬರು ಬೇಕು. ಗಂಡುಮಕ್ಕಳಿಲ್ಲದ ಮನೆ, ಅಮ್ಮಿ ಹಮೀದಾಬೇಗಂ ಒಲೆಯ ಮುಂದೆ, ಆ ಕೆಲಸ ಮೆಹನಾಜಳಿಗೆ ಬಂತು. ಅರ್ಥ ತಿಳಿಯುತ್ತಿರಲಿಲ್ಲ, ಆದರೆ ಯಾವ ದನಿಯ ಹಿಂದೆ ಯಾವ ದನಿ ಬರಬೇಕೆಂದು ಅವಳ ಕಿವಿಗೆ ತಿಳಿಯುತ್ತಿತ್ತು. ಅಬ್ಬಾ ತಡವರಿಸಿದರೆ ತಕ್ಷಣ ಬಾಯಿ ಹಾಕಬಾರದು, ಹುಡುಕಲು ಬಿಡಬೇಕು. ಸಿಗದೇ ಹೋದರೆ ಒಂದೇ ಒಂದು ಶಬ್ದ, ಅದೂ ಮೆಲ್ಲಗೆ. ಆ ಶಬ್ದಕ್ಕೆ ಲುಕ್ಮಾ ಎಂದು ಹೆಸರು, ತುತ್ತು ಎಂದರ್ಥ. ತುತ್ತು ಸಿಕ್ಕ ಅಬ್ಬಾ ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ, ಆಯತಿನ, ಅಂದರೆ ಆ ವಚನದ, ಮೊದಲಿಗೆ ಹೋಗಿ ಇಡಿಯಾಗಿ ಓದಿಯೇ ಮುಂದುವರಿಯುವರು. ಒಡೆದದ್ದನ್ನು ಒಡೆದಂತೆ ಬಿಟ್ಟು ಹೋಗುವುದು ಬೇಅದಬಿ, ಅಗೌರವ. ಬಟ್ಟೆ ಹೊಲಿಸಲು ಬಂದವರ ಎದುರು ಅಬ್ಬಾ ಹೇಳುತ್ತಿದ್ದರು, ನನ್ನ ಮಗಳು ನನ್ನ ತಪ್ಪು ಹಿಡಿಯುತ್ತಾಳೆ ಎಂದು. ತಪ್ಪು ಹಿಡಿಸಿಕೊಂಡವರ ಮುಖದಲ್ಲಿ ಅಂಥ ಹೆಮ್ಮೆಯನ್ನು ಅವಳು ಆಮೇಲೆ ಎಲ್ಲೂ ನೋಡಲಿಲ್ಲ. ಆ ಹೆಮ್ಮೆಯ ಕೂಸಾಗಿ ಬೆಳೆದವಳು ಹೈದರಾಬಾದಿನ ತಣ್ಣಗಿನ ಕೋಣೆಯಲ್ಲಿ ಇಂಗ್ಲಿಷಿಗೂ ಅದೇ ಅದಬು ತೋರಿಸಿ ಬಂದಿದ್ದಳು.

ಸರ್ವರ್ ನಿಂತಿದೆ ಎಂದು ದೌಲತರಾಯ ಯಾರಿಗೋ ಹೇಳಿದ, ಅವಳಿಗೇ ಇರಬೇಕು. ಪುಟ ಹಾಗೇ ಇತ್ತು. ಪಕ್ಕದ ಬೆಂಚಿನಲ್ಲಿ ರೇಷನ್ ಕಾರ್ಡಿಗೆ ಬೆರಳಚ್ಚು ಕೊಡಲು ಬಂದವರು ಕೂತಿದ್ದರು, ಅವರಲ್ಲೊಬ್ಬಳು ಇವಳನ್ನು ಗುರುತಿಸಿ, ಸಿಸ್ಟರ್ ನೀವೂ ಪಾಳಿ ಹಚ್ಚೀರಾ ಎಂದು ನಕ್ಕಳು. ಮೆಹನಾಜ ತಲೆಯಾಡಿಸಿದಳು. ಕೋಚಿಂಗಿನ ಸರ್ ಕೂಡ ಹಾಗೆ ನಗುತ್ತಲೇ ಹೇಳಿದ್ದರು, ಫಲಿತಾಂಶದ ಹಾಳೆಯನ್ನು ಮೇಜಿನ ಮೇಲೆ ಬೆರಳಿಂದ ಅವಳ ಕಡೆ ತಳ್ಳಿ: ಜನರಲ್ ಬರೆಯಿರಿ ಮೇಡಂ, ನಿಮ್ಮಂಥವರಿಗೆ ಅದೇ ಹೊಂದುತ್ತದೆ. ಕೇಳುವುದು ಮತ್ತು ಮಾತು ಎರಡು ಪರೀಕ್ಷೆಗೂ ಒಂದೇ, ಬದಲಾಗುವುದು ಓದು ಮತ್ತು ಬರಹ ಮಾತ್ರ ಎಂದು ಅದೇ ಸರ್ ಮೊದಲ ದಿನ ಬೋರ್ಡಿನ ಮೇಲೆ ಬರೆದಿದ್ದರು. ಅವಳು ಬಿದ್ದದ್ದು ಮಾತಿನಲ್ಲಿ. ಹಾಗಾದರೆ ಜನರಲ್ ತನಗೆ ಹೊಂದುವುದು ಹೇಗೆ ಎಂದು ಕೇಳಬೇಕೆನಿಸಿತು. ತಡವರಿಸಿದವನಿಗೆ ಹುಡುಕಲು ಬಿಡಬೇಕು ಎಂದು ಕಾದಳು. ಸರ್ ಹುಡುಕಲಿಲ್ಲ. ಕೆಲಸ ಒಂದೇ ಅಲ್ಲವೇ, ಅಲ್ಲಿಯೂ ಮುದುಕರನ್ನು ತೊಳೆಯುವುದೇ ಎಂದರು, ಮತ್ತು ಪಕ್ಕದಲ್ಲಿ ಕೂತಿದ್ದ ಮಸೂದ ನಿಧಾನ ತಲೆಯಾಡಿಸಿದ. ಸರ್ ಹೇಳಿದ್ದಕ್ಕಿಂತ ಆ ತಲೆಯಾಡಿಸಿದ್ದು ಹೆಚ್ಚು ಒಳಗೆ ಹೋಯಿತು. ಕಲಬುರಗಿಯಿಂದ ಬರುವ ಬಸ್ಸಿನಲ್ಲಿ ಅವನು ಶೇಂಗಾ ಸುಲಿದು ಸುಲಿದು ಅವಳ ಅಂಗೈಗೆ ಹಾಕುತ್ತಿದ್ದ, ಅವಳು ಕಿಟಕಿಯ ಹೊರಗೆ ತೊಗರಿ ಹೊಲಗಳನ್ನು ನೋಡುತ್ತ ತಿನ್ನುತ್ತಿದ್ದಳು, ಇವನಿಗೆ ನನ್ನ ಮೇಲಿನ ಭರವಸೆ ಹೋಯಿತು ಎಂದುಕೊಳ್ಳುತ್ತ.

ಜನರಲ್ಲಿನ ಮಾದರಿ ಪುಸ್ತಕವನ್ನೂ ಅವಳು ತಿರುವಿ ನೋಡದೆ ಇರಲಿಲ್ಲ. ಅದರಲ್ಲಿ ಪತ್ರ ಬರೆಯಬೇಕು. ನೆರೆಮನೆಯ ಗದ್ದಲದಿಂದ ನಿದ್ದೆ ಬರುತ್ತಿಲ್ಲವೆಂದು ಮನೆಯ ಮಾಲೀಕನಿಗೆ ಬರೆಯಿರಿ ಎಂದಿತ್ತು. ಮೋಟಾರು ವೈಂಡಿಂಗ್ ಮಾಡುವ ಗಂಡನ ಹೆಂಡತಿ ಅವಳು. ಭೀಮಾ ದಂಡೆಯ ಕಬ್ಬಿನ ಹೊಲಗಳ ಪಂಪುಗಳೆಲ್ಲ ಅವಳ ಮನೆಯ ಮುಂಗಟ್ಟಿನಲ್ಲೇ ಗುಂಯ್‌ಗುಟ್ಟಿ ಪಾಸಾಗಿ ಹೋಗಬೇಕು. ಗದ್ದಲದ ಬಗ್ಗೆ ಪತ್ರ ಬರೆಯಬೇಕಾದವರು ನೆರೆಯವರು. ಅಕಾಡೆಮಿಕ್ಕಿನಲ್ಲಿ ಪತ್ರವಿರಲಿಲ್ಲ, ಏರಿಳಿಯುವ ಗೆರೆಯ ಚಿತ್ರ ಕೊಟ್ಟು ಅದೇನು ಹೇಳುತ್ತದೆ ಎಂದು ಬರೆಯಲು ಹೇಳುತ್ತಿದ್ದರು. ಜ್ವರದ ಚಾರ್ಟುಗಳನ್ನು ನೋಡುತ್ತ ಬದುಕಿದವಳಿಗೆ ಗೆರೆ ಏಕೆ ಏರಿತು, ಎಲ್ಲಿ ಇಳಿದು ಮತ್ತೆ ಮೋಸ ಮಾಡಿತು ಎಂದು ಹೇಳುವುದು ಕಷ್ಟವೇ ಆಗಿರಲಿಲ್ಲ. ಯಾವುದೋ ದೇಶದ ಕಾಫಿ ರಫ್ತಿನ ಗೆರೆಯನ್ನು ಅವಳು ರೋಗಿಯಂತೆ ಕಂಡು, ಕನಿಕರದಿಂದ ಬರೆದಿದ್ದಳು. ಅದಕ್ಕೆ ಒಳ್ಳೆಯ ಅಂಕವೇ ಬಂದಿತ್ತು. ಈ ಸಂಗತಿಯನ್ನು ಯಾರಿಗೂ ಹೇಳಲು ಆಗಿರಲಿಲ್ಲ. ಬಿದ್ದವಳು ತಾನು ಎಲ್ಲೆಲ್ಲಿ ಬೀಳಲಿಲ್ಲ ಎಂದು ಹೇಳಿಕೊಂಡು ತಿರುಗುವುದು ನಾಚಿಕೆಗೇಡು.

ಆಳಂದದಲ್ಲಿ ನಾದಿನಿ ಜೀನತಳ ಮನೆಯಲ್ಲಿ ಕೂಸಿನ ಅಖೀಕಾದ ದಿನ ಹೆಂಗಸರೆಲ್ಲ ಕೂತು ಊಟ ಮಾಡುವಾಗ ಜೀನತಳೇ ವಿಷಯ ಎತ್ತಿದ್ದಳು. ಆ ಪರೀಕ್ಷೆಯಲ್ಲಿ ಪಾಸು ಫೇಲು ಅಂತ ಇರುವುದೇ ಇಲ್ಲವಂತೆ, ಬರೇ ಅಂಕ ಕೊಡುತ್ತಾರಂತೆ ಎಂದು ಯಾರೋ ತಿಳಿದವರು ಹೇಳಿದರು. ಜೀನತ ಎಲುಬನ್ನು ತಟ್ಟೆಯ ಅಂಚಿಗಿಡುತ್ತ, "ಫೇಲೇ ಇಲ್ಲದ ಪರೀಕ್ಷಾದಾಗ ಫೇಲ್ ಆಗಾಕ ನಮ್ಮ ಭಾಬಿನೇ ಬೇಕಾತು ನೋಡ್ರಿ" ಎಂದಳು. ಎಲ್ಲರೂ ನಕ್ಕರು. ಮೆಹನಾಜಳೂ ನಕ್ಕಳು, ಮಾತು ಚೆನ್ನಾಗಿತ್ತು. ನಗುತ್ತಿದ್ದಾಗಲೇ ಎದೆಯೊಳಗೆ ಒಂದು ಗೋಣು ನೆಟ್ಟಗಾದದ್ದು ಅವಳಿಗೆ ಗೊತ್ತಾಯಿತು. ನಿಮಗೇನು ತಿಳಿಯುತ್ತದೆ ಎಂಬ ಗೋಣು. ಅಂದಿನಿಂದ ಅದು ಬಾಗಿರಲಿಲ್ಲ. ಸಜ್ದಾದಲ್ಲಿ ಹಣೆ ನೆಲಕ್ಕೆ ತಾಗಿದಾಗಲೂ ಅದು ನೆಟ್ಟಗೇ ಇರುತ್ತದೇನೋ ಎಂದು ಹೆದರಿಕೆಯಾಗುತ್ತಿತ್ತು. ತಕಬ್ಬುರ್, ಅಹಂಕಾರ, ಅದೊಂದೇ ಮನುಷ್ಯನಿಗೆ ಸಲ್ಲದ ಬಟ್ಟೆ ಎಂದು ಅಬ್ಬಾ ಕತ್ತರಿ ಆಡಿಸುತ್ತ ಹೇಳುತ್ತಿದ್ದರು, ಯಾರ ಅಳತೆಗೂ ಅದು ಹೊಂದುವುದಿಲ್ಲ. ಹಾಗಾದರೆ ಈಗ ಕೆಳಗಿನ ವೃತ್ತದ ನೀಲಿ ಚುಕ್ಕೆಯನ್ನು ನೋಡಲಾಗದೆ ಉರಿಯುತ್ತಿರುವುದು ಏನು? ಮುದುಕರನ್ನು ತೊಳೆಯುವುದು ಸಣ್ಣ ಕೆಲಸವೆಂದು ಅವಳೆಂದೂ ಎಣಿಸಿರಲಿಲ್ಲ. ಆಯಾ ಬಾರದ ದಿನ ತಾನೇ ಬಕೆಟ್ಟು ಹಿಡಿದಿದ್ದಾಳೆ. ಮಗ ಮುಟ್ಟಲು ಹೇಸಿದ ತಂದೆಯ ಬೆನ್ನಿನ ಹುಣ್ಣನ್ನು ಒರೆಸಿದ್ದಾಳೆ, ಒರೆಸುತ್ತ ಬಾಯಲ್ಲಿ ಸಣ್ಣಗೆ ದುರೂದಿನ ಪ್ರಾರ್ಥನೆ ಹೇಳಿಕೊಂಡಿದ್ದಾಳೆ. ಆ ಕೆಲಸದ ಮೇಲೆ ಅವಳಿಗೆ ಮುನಿಸಿಲ್ಲ. ಮತ್ತೆ ಯಾವುದರ ಮೇಲೆ?

ನಿಂಬೆವ್ವ ಎಂಬ ಮುದುಕಿ ವಾರ್ಡಿನ ಕಿಟಕಿಯ ಹಾಸಿಗೆಯಲ್ಲಿದ್ದಳು, ಹೋದ ಶ್ರಾವಣದಲ್ಲಿ. ಮಧ್ಯಾಹ್ನ ಉಂಡಿರಲಿಲ್ಲ, ಸಕ್ಕರೆಯ ರೋಗ, ಸೂಜಿ ಮಾತ್ರ ತೆಗೆದುಕೊಂಡಿದ್ದಳು. ಸೊಸೆ ಪಕ್ಕದಲ್ಲೇ ಕೂತು ಅತ್ತೆ ಮಲಗ್ಯಾಳ ಎಂದುಕೊಂಡಿದ್ದಳು. ದಾಟಿ ಹೋಗುತ್ತಿದ್ದ ಮೆಹನಾಜಳಿಗೆ ಮುದುಕಿಯ ಗೊಣಗಾಟ ಕೇಳಿಸಿತು. ದಿನವೂ ಗೊಣಗುತ್ತಿದ್ದ ಬೈಗುಳವೇ, ಆದರೆ ಒಂದು ದನಿಯ ಹಿಂದೆ ಬರಬೇಕಾದ ದನಿ ಬರಲಿಲ್ಲ. ನಿಂತಳು. ಹಣೆ ಮುಟ್ಟಿದಳು, ತಣ್ಣನೆಯ ಬೆವರು. ಡಾಕ್ಟರರು ಹೆರಿಗೆಯ ಕೋಣೆಯಲ್ಲಿದ್ದರು. ಸಕ್ಕರೆ ಕಡಿಮೆಯಾದರೆ ಏನು ಮಾಡಬೇಕೆಂದು ಅವರು ಮೊದಲೇ ಬರೆದಿಟ್ಟಿದ್ದರು. ರಕ್ತದ ಹನಿ ನೋಡಿ, ನರ ಹುಡುಕಿ, ಗ್ಲೂಕೋಸ್ ಏರಿಸಿದಳು. ಮುದುಕಿ ಕಣ್ಣು ಬಿಟ್ಟು ಮೊದಲು ಬೈದದ್ದು ಅವಳನ್ನೇ, ಕೈಗೆ ಚುಚ್ಚಿದ್ದಕ್ಕೆ. ಈಗ ದೌಲತರಾಯನ ಕುರ್ಚಿಯಲ್ಲಿ ಅದು ನೆನಪಾಗಿ, ಅದೇ ಹಾಸಿಗೆ ಆ ದೂರದ ದೇಶದಲ್ಲಿದ್ದರೆ, ತಾನು ಆರೈಕೆಯವಳಾಗಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದರೆ ಏನಾಗುತ್ತಿತ್ತು ಎಂದು ನೋಡಿದಳು. ಕೇಳಿಸುತ್ತಿತ್ತು. ಅದೇ ಕಿವಿ ಅಲ್ಲಿಯೂ ಇರುತ್ತದಲ್ಲ. ಕೇಳಿಸಿದ ಮೇಲೆ ಸೂಜಿ ಮುಟ್ಟುವ ಹಾಗಿರುವುದಿಲ್ಲ, ಓಡಿ ಹೋಗಿ ಯಾರನ್ನೋ ಕರೆಯಬೇಕು, ಆ ಯಾರೋ ಬರುವ ತನಕ ಕೈ ಕಟ್ಟಿ ನಿಂತು ಮುದುಕಿಯ ದನಿ ಒಂದೊಂದಾಗಿ ಆರುವುದನ್ನು ಕೇಳುತ್ತಿರಬೇಕು. ಗ್ರಂಥ ತೆರೆದಿಟ್ಟುಕೊಂಡು, ತಪ್ಪು ಕಿವಿಗೆ ಬಿದ್ದು, ಬಾಯಿ ಹೊಲಿದುಕೊಂಡು ಕೂತಂತೆ. ಉರಿಯುತ್ತಿದ್ದುದು ಅದು. ತನಗೆ ಕೊಟ್ಟದ್ದನ್ನು ಕೊಟ್ಟಿಲ್ಲವೆಂದು ಬರೆದುಕೊಡುವುದು ವಿನಯವಲ್ಲ, ಸುಳ್ಳು. ಈ ಮಾತು ಅವಳೊಳಗೆ ಅಬ್ಬಾನ ದನಿಯಲ್ಲಿ ಬರಲಿಲ್ಲ, ತನ್ನದೇ ದನಿಯಲ್ಲಿ ಬಂತು. ಅದಕ್ಕೇ ಅವಳಿಗೆ ತುಸು ಗಾಬರಿಯಾಯಿತು.

ದೌಲತರಾಯ ಬೆರಳಚ್ಚಿನ ಯಂತ್ರವನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಅವಳು ಕೈ ಚಾಚಿ ಮೌಸ್ ಹಿಡಿದಳು. ಬಾಣದ ಗುರುತು ಪರದೆಯ ಮೇಲೆ ಹೋಗಿ, ಮೇಲಿನ ವೃತ್ತದ ಮೇಲೆ ನಿಂತಿತು. ಒತ್ತಿದಳು. ಚುಕ್ಕೆ ಕೆಳಗಿನಿಂದ ಮೇಲಕ್ಕೆ ಜಿಗಿಯಿತು, ಸದ್ದಿಲ್ಲದೆ, ಏನೂ ಆಗಲಿಲ್ಲವೆಂಬಂತೆ. ಸರ್ವರ್ ಕೂಡ ಅದಕ್ಕೇ ಕಾದಿತ್ತೋ ಏನೋ, ಪುಟ ಮುಂದಕ್ಕೆ ಹೋಯಿತು, ಮಸೂದನ ಕಾರ್ಡಿನ ವಿವರ ತೋರಿಸಿ, ಅವನ ಫೋನಿಗೆ ಬರುವ ಓಟಿಪಿ ಹಾಕಲು ಹೇಳಿತು. ದೌಲತರಾಯ ತಿರುಗಿ ನೋಡಿ ಹುಬ್ಬೇರಿಸಿದ. ಒಮ್ಮೆ ದುಡ್ಡು ಕಟ್ಟಿದ ಮೇಲೆ ಬದಲಿಸಲು ತನ್ನಿಂದ ಆಗುವುದಿಲ್ಲ, ಆಮೇಲೆ ಸಾಹೇಬರು ತನ್ನನ್ನು ಕೇಳಿದರೆ ತಾನೇನು ಹೇಳಲಿ ಎಂದ. ಅಷ್ಟರಲ್ಲಿ ಹೊರಗೆ ಗಾಡಿಯ ಸ್ಟ್ಯಾಂಡು ಹಾಕಿದ ಸದ್ದಾಯಿತು. ಮಸೂದ ಒಳಗೆ ಬಂದ, ಕರಜಗಿಯ ಯಾರದೋ ಪಂಪಿನ ಗ್ರೀಸು ಮೊಣಕೈವರೆಗೆ, ಮೈಯೆಲ್ಲ ವಾರ್ನಿಶಿನ ವಾಸನೆ. ಕೈಯಲ್ಲಿ ಫೋನು. ಓಟಿಪಿ ಬಂದಿದೆ ಎಂದು ನಗುತ್ತಲೇ ಬಂದವನು, ಕುರ್ಚಿಯ ಹಿಂದೆ ಬಾಗಿ ಪರದೆ ಓದಿದ. ಅವನ ಉಸಿರು ಅವಳ ಕಿವಿಯ ಪಕ್ಕದಲ್ಲೇ ಒಂದು ಸಲ ನಿಂತಿತು.

ಮನೆಯಲ್ಲಿ ಅವರದು ಉರ್ದು. ಆದರೆ ಪಕ್ಕದಲ್ಲಿದ್ದವರಿಗೆ ತಿಳಿಯದ ಭಾಷೆಯಲ್ಲಿ ಗುಟ್ಟು ಮಾತಾಡಬಾರದೆಂಬ ಮರ್ಯಾದೆಯವನು ಮಸೂದ. ದೌಲತರಾಯನ ಎದುರು ಕನ್ನಡದಲ್ಲೇ ಕೇಳಿದ.

"ನೀ ಬದಲ್ ಮಾಡಿದ್ಯಾ?"

"ಹೂಂ."

"ಅಲ್ಲಬೇ, ಹೋದ ಸಲ ಆದ ಮ್ಯಾಲ ನಿನ್ನ ದನಿ ಹೆಂಗಾಗಿತ್ತು ನಿನಗ ಗೊತ್ತೇನು? ಮನ್ಯಾಗ ನೀ ಅದೇ ಮಾತು ಮತ್ತ ಮತ್ತ ಓದೂದು ಕೇಳಲಾರದ ನಾ ಎಷ್ಟ ದಿನ ಅಂಗಡ್ಯಾಗ ಸುಮ್ನ ಮೋಟಾರ್ ಹಚ್ಚಿ ಕುಂತೀನಿ. ಅದು ಮತ್ತ ಬ್ಯಾಡ ಅಂತ ಜನರಲ್ ಹಾಕ್ಸಿದೆ. ನಿನಗ ಬರಂಗಿಲ್ಲ ಅಂತಲ್ಲ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬಸ್ಸಿನಲ್ಲಿ ಅಂಗೈಗೆ ಬೀಳುತ್ತಿದ್ದ ಶೇಂಗಾ ಕಾಳುಗಳ ಬಿಸುಪು ಈಗ ಬಂತು, ಇಷ್ಟು ದಿನ ಎಲ್ಲೋ ಕಾದಿದ್ದು. ತಾನು ತಪ್ಪು ಕೇಳಿಸಿಕೊಂಡಿದ್ದೆ ಎಂದು ತಿಳಿದು ಮುಖ ಬಿಸಿಯಾಯಿತು. ಕಿವಿಯ ಮೇಲಿನ ಅಷ್ಟೂ ಹೆಮ್ಮೆಯ ನಡುವೆ ಈ ಒಬ್ಬ ಮನುಷ್ಯನ ಮೌನವನ್ನು ಅವಳು ಸರಿಯಾಗಿ ಓದಿರಲಿಲ್ಲ. ಅತ್ತುಬಿಡಬಹುದಿತ್ತು. ಜನರಲ್ಲೇ ಇರಲಿ ಬಿಡು ಎಂದುಬಿಡಬಹುದಿತ್ತು, ಅವನ ಮನಸ್ಸಿಗೆ ಅದು ಸಣ್ಣ ಉಡುಗೊರೆ.

"ಮತ್ತ ಹಂಗೇ ಆದ್ರ?" ಎಂದ ಮಸೂದ, ಮೆಲ್ಲಗೆ.

"ಆಗ್ಲಿ. ನರ್ಸ್ ಆಗೇ ಫೇಲ್ ಆಗ್ತೇನಿ. ಬ್ಯಾರೆ ಏನೋ ಆಗಿ ಪಾಸ್ ಆಗೂದು ನನಗ ಬ್ಯಾಡ."

ಬೆಂಚಿನವರು ತಿರುಗಿ ನೋಡಿದರು. ಅವಳ ದನಿ ಅಷ್ಟು ದೊಡ್ಡದಾಗಿ ಬಂದದ್ದು ಅವಳಿಗೇ ಹೊಸದು. ಮಸೂದ ಫೋನಿನ ಗಾಜಿಗೆ ಹತ್ತಿದ ಗ್ರೀಸನ್ನು ಅಂಗಿಗೆ ಒರೆಸಿದ, ಒರೆಸಿದಷ್ಟೂ ಹರಡಿತು. ಆಮೇಲೆ ಅಂಕಿಗಳನ್ನು ತಾನು ಓದದೆ ಫೋನನ್ನೇ ಅವಳ ಮುಂದೆ ಇಟ್ಟ. ಅವಳು ನೋಡಿ ನೋಡಿ ಒಂದೊಂದೇ ಅಂಕಿ ಹಾಕಿದಳು. ದೌಲತರಾಯ ಒತ್ತಲು ಕೈ ಮುಂದೆ ಮಾಡಿದ, ನಾನೇ ಒತ್ತುತ್ತೇನೆ ಎಂದಳು. ಹೈದರಾಬಾದಿನ ಕೋಣೆ, ಎದುರು ಕೂತ ಹೆಂಗಸು, ಜಾರಿದ ಪದ, ಎಲ್ಲವೂ ಇನ್ನೂ ಅಲ್ಲೇ ಇದ್ದವು, ಯಾವುದೂ ಸುಲಭವಾಗಿರಲಿಲ್ಲ. ಎದೆಯೊಳಗಿನ ಗೋಣು ಮಾತ್ರ ನೆಟ್ಟಗೇ ಇತ್ತು. ಅದು ಪಾಪವಾಗಿದ್ದರೆ ಅದರ ಲೆಕ್ಕ ಕೇಳುವವನು ಕೇಳಲಿ, ತಾನು ಹೇಳುತ್ತೇನೆ ಎಂದುಕೊಂಡಳು.

ಪ್ರಿಂಟರಿನಿಂದ ಹಾಳೆ ಬಂತು. ಮಸೂದ ಅದನ್ನು ಮಡಚಿ ಜೇಬಿಗಿಡುತ್ತಾನೆಂದು ಅವಳು ಎಣಿಸಿದ್ದಳು, ಕರೆಂಟು ಬಿಲ್ಲಿನಿಂದ ಹಿಡಿದು ಎಲ್ಲವನ್ನೂ ಅವನು ಹಾಗೇ ಇಡುವವನು. ಅವನು ಮಡಚಲಿಲ್ಲ. ದೌಲತರಾಯನ ಹತ್ತಿರ ರದ್ದಿ ಪೇಪರು ಕೇಳಿ ಬೆರಳಿನ ಗ್ರೀಸು ಒರೆಸಿಕೊಂಡು, ಹಾಳೆಯ ಎರಡು ಅಂಚುಗಳನ್ನು ಎರಡು ಕೈಯಲ್ಲಿ ಹಿಡಿದು, ಅದರ ಮೇಲೆ ಮೇಲಿನ ಸಾಲಿನಲ್ಲಿದ್ದ ಅವಳ ಹೆಸರನ್ನೂ ಕೆಳಗಿನ ಅಕಾಡೆಮಿಕ್ ಎಂಬ ಶಬ್ದವನ್ನೂ ತುಟಿಯಾಡಿಸಿ ಓದಿದ. ಹೊರಗೆ ಬಿಸಿಲು ಹೊಡೆಯುತ್ತಿತ್ತು. ಆಳಂದದ ಬಸ್ಸು ಹಿಂದಕ್ಕೆ ತಿರುಗಿಕೊಳ್ಳುತ್ತ ಧೂಳೆಬ್ಬಿಸಿತು, ಅವನು ಹಾಳೆಯನ್ನು ಎದೆಗೆ ಅವುಚಿಕೊಂಡು ಧೂಳು ಇಳಿಯುವ ತನಕ ನಿಂತ. ಡ್ಯೂಟಿಗೆ ಹೊತ್ತಾಯಿತು ಎಂದಳು ಅವಳು. ಅವನು ಗಾಡಿಯ ಕಡೆ ಗದ್ದದಿಂದ ತೋರಿಸಿದ.

"ನೀ ಹೊಡಿ," ಎಂದ. "ನನ್ನ ಕೈ ಖಾಲಿ ಇಲ್ಲ."

ಅವನು ಜೊತೆಗಿದ್ದಾಗ ಅವಳು ಎಂದೂ ಗಾಡಿ ಹೊಡೆದಿರಲಿಲ್ಲ. ಬುರ್ಖಾದ ಅಂಚನ್ನು ಎತ್ತಿ ಕಾಲ ಕೆಳಗೆ ಸಿಕ್ಕಿಸಿಕೊಂಡು ಕೂತಳು, ಅವನು ಹಿಂದೆ ಕೂತ. ಬಜಾರಿನ ನಡುವೆ, ಅವನನ್ನು ಬಲ್ಲ ಎಲ್ಲ ಅಂಗಡಿಗಳವರು ತಲೆ ಎತ್ತಿ ನೋಡುತ್ತಿರುವಾಗ, ಮಸೂದ ಗಾಳಿಗೆ ಹಾರದಂತೆ ಎರಡೂ ಕೈಯಲ್ಲಿ ಹಾಳೆ ಹಿಡಿದು ಕೂತಿದ್ದ. ಅವಳು ಆಸ್ಪತ್ರೆಯ ಕಡೆ ಗಾಡಿ ತಿರುಗಿಸಿದಳು, ಹಾರ್ನು ಬಾರಿಸಿದಳು, ಜನ ದಾರಿ ಬಿಟ್ಟರು.